ಕಾಲು ಮಿಲಿಮೀಟರಿನ ಸಾಕ್ಷಿ

ಶುಕ್ರವಾರ ಬೆಳಗ್ಗೆ ಇನ್ಸ್‌ಪೆಕ್ಟರು ಬೀಗದಂಗಡಿಯ ಮೆಟ್ಟಿಲು ಹತ್ತಿದಾಗ ಸೊಸೆ ಗಾಜಿನ ಮೇಜು ಒರೆಸುತ್ತಿದ್ದಳು. ಅವರು ಅಲ್ಲಿಗೆ ಬರುವುದು ಹೊಸದೇನಲ್ಲ. ಬೀಗ ಒಡೆದ ಕಳ್ಳನನ್ನು ಪೊಲೀಸರು ಹುಡುಕುತ್ತಾರೆ, ಬೀಗ ಒಡೆಯದ ಕಳ್ಳನನ್ನು ಬೀಗದಮ್ಮ ಹುಡುಕುತ್ತಾಳೆ ಎಂದು ಬೀದಿಯೇ ಹೇಳುತ್ತಿತ್ತು. ಮದುವೆಮನೆಯ ಪೆಟ್ಟಿಗೆ ಖಾಲಿಯಾದಾಗ, ದರ್ಜಿಯ ಹೊಲಿಗೆ ಯಂತ್ರ ಮಾಯವಾದಾಗ ಇದೇ ಇನ್ಸ್‌ಪೆಕ್ಟರು ಬಂದು, ಸೊಸೆಯ ಕೈಯ ಚಹಾ ಕುಡಿದು, ಅತ್ತೆಯ ಬಾಯಿಂದ ಕಳ್ಳನ ಗುರುತು ಕೇಳಿಕೊಂಡು ಹೋಗಿದ್ದರು. ಇವತ್ತು ಮಾತ್ರ ಚಹಾ ಬೇಡವೆಂದರು. ಚಹಾ ಬೇಡವೆನ್ನುವ ಪೊಲೀಸರನ್ನು ಕಂಡರೆ ಯಾರ ಎದೆ ತಾನೇ ಧಸಕ್ಕೆನ್ನುವುದಿಲ್ಲ?

ಅವರು ಜೇಬಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಒಂದು ಹಿತ್ತಾಳೆಯ ಬೀಗದ ಕೈ.

"ಅಮ್ಮಾ, ಇದು ನಿಮ್ಮಂಗಡೀದೇ ತಾನೇ?"

ಅತ್ತೆ ಅದನ್ನು ಕವರಿನ ಮೇಲಿಂದಲೇ ಹಿಡಿದು, ಹೆಬ್ಬೆರಳಿನ ಉಗುರನ್ನು ಹಲ್ಲುಗಳ ಮೇಲೆ ಒಮ್ಮೆ ಎಳೆದಳು. ಕೀಯ ತಲೆಯ ಮೇಲಿದ್ದ ಅಂಗಡಿಯ ಗುರುತನ್ನು ಬೆರಳಿನಿಂದ ಸವರಿದಳು. ನಮ್ಮದೇ, ಯಂತ್ರಕ್ಕೆ ಹಾಕಿದ ಹೊಸ ಚಕ್ರದಲ್ಲಿ ಕೊರೆದದ್ದು ಎಂದಳು.

ಇನ್ಸ್‌ಪೆಕ್ಟರು ನಿಟ್ಟುಸಿರು ಬಿಟ್ಟರು. ಹಿಂದಿನ ದಿನ ನಡೆದದ್ದು ಬೀದಿಗೆಲ್ಲ ಗೊತ್ತಿತ್ತು. ಎರಡಂಗಡಿ ಆಚೆಗಿನ ಔಷಧಿ ಅಂಗಡಿಯ ಯಜಮಾನರು ಮಧ್ಯಾಹ್ನ ಒಂದೂವರೆಗೆ ಬೀಗ ಹಾಕದೆ ಬಾಗಿಲು ಮುಂದೆಳೆದು ಮಹಡಿಯ ಮನೆಗೆ ಊಟಕ್ಕೆ ಹೋಗುವವರು, ಮೂರಕ್ಕೆ ಇಳಿಯುವವರು. ಗುರುವಾರ ಯಾತಕ್ಕೋ ಬೇಗ ಇಳಿದಿದ್ದರು. ಮೂರಕ್ಕೆ ಕಾಂಪೌಂಡರ್ ಬಂದು ನೋಡಿದರೆ ಹಿಂದಿನ ಕೋಣೆಯಲ್ಲಿ ಯಜಮಾನರು ನೆಲದ ಮೇಲೆ, ಪಕ್ಕದಲ್ಲಿ ಕಬ್ಬಿಣದ ಕುಟ್ಟಾಣಿ, ತಲೆಯ ಸುತ್ತ ರಕ್ತ. ಗೋಡೆಯ ಬೀರು ಬಾಯಿ ತೆರೆದಿತ್ತು. ಆಸ್ಪತ್ರೆಗೆ ಸೇರಿಸಿ ರಾತ್ರಿ ಕಳೆದರೂ ಅವರಿಗೆ ಪ್ರಜ್ಞೆ ಬಂದಿರಲಿಲ್ಲ. ಬೀರುವಿನ ಬೀಗದಲ್ಲಿ ಈ ಕೀ ಕಚ್ಚಿಕೊಂಡು ನಿಂತಿತ್ತಂತೆ, ಇಕ್ಕಳ ಹಾಕಿ ಎಳೆಯಬೇಕಾಯಿತಂತೆ.

"ಬುಧವಾರ ಆ ಬೀರುವಿನ ಅಸಲು ಕೀ ಇಡೀ ದಿನ ನಿಮ್ಮಂಗಡೀಲೇ ಇತ್ತು," ಎಂದರು ಇನ್ಸ್‌ಪೆಕ್ಟರು. "ಗುರುವಾರ ಬೆಳಗ್ಗೆ ನಿಮ್ಮ ಮಗ ಯಜಮಾನರ ಜೊತೆ ಜಗಳ ಆಡಿದ್ದಾನೆ. 'ನೀವು ಬಾಯಿ ಬಿಟ್ರೆ ನಮ್ಮಂಗಡಿ ಮುಗೀತು' ಅಂತ ಕೂಗಿದ್ದನ್ನ ಕಾಂಪೌಂಡರ್ ಕೇಳಿದ್ದಾನೆ. ಮಧ್ಯಾಹ್ನ ಎಲ್ಲಿದ್ದೆ ಅಂದ್ರೆ ಸುಮ್ಮನೆ ತಿರುಗಾಡ್ತಿದ್ದೆ ಅಂತಾನೆ. ನೀವೇ ಹೇಳಿ, ನಾನೇನು ಮಾಡ್ಲಿ?"

ಮಗ ಅಂಗಡಿಯ ಮೂಲೆಯಲ್ಲಿ ನಿಂತಿದ್ದ. ಯಜಮಾನರು ಏನು ಹೇಳಬಾರದೆಂದು ಬೇಡಿಕೊಂಡೆಯೋ ಎಂದು ಅತ್ತೆ ಕೇಳಿದಳು, ಸೊಸೆ ಕಣ್ಣಲ್ಲೇ ಕೇಳಿದಳು. ಅವನು ನೆಲ ನೋಡಿದ. ಗಂಡ ಸುಳ್ಳು ಹೇಳುವವನಲ್ಲ ಎಂದು ಸೊಸೆಗೆ ಗೊತ್ತು, ಸುಳ್ಳು ಹೇಳಲು ಬಾರದೆ ಬಾಯಿ ಮುಚ್ಚಿಕೊಂಡಿದ್ದಾನೆ ಎಂದೂ ಗೊತ್ತು. ಕಳ್ಳನಾದರೆ ಒಂದು ಕತೆ ಕಟ್ಟುತ್ತಿದ್ದ. ಈ ಮೌನವೇ ಅವನನ್ನು ಕೊಲ್ಲುತ್ತದೆಯಲ್ಲ ಎಂದುಕೊಂಡಳು.

ಸಂಜೆ ಐದರವರೆಗೆ ಕಾಯುತ್ತೇನೆ, ಅದು ನಿಮ್ಮ ಮೇಲಿನ ಗೌರವಕ್ಕೆ, ಆಮೇಲೆ ಮಗನನ್ನು ಕರೆದೊಯ್ಯದೆ ಗತಿಯಿಲ್ಲ ಎಂದರು ಇನ್ಸ್‌ಪೆಕ್ಟರು. ಯಜಮಾನರು ಉಳಿಯದಿದ್ದರೆ ಅದು ಬರೀ ಕಳ್ಳತನವಾಗಿ ಉಳಿಯುವುದಿಲ್ಲ ಎಂಬುದನ್ನು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಸಿಕ್ಕ ಕೀಯನ್ನೂ ಕಾಂಪೌಂಡರಿಂದ ತಂದಿದ್ದ ಅಸಲು ಕೀಯನ್ನೂ ಅತ್ತೆಯ ಮುಂದಿಟ್ಟು, ಒಬ್ಬ ಪೇದೆಯನ್ನು ಮೆಟ್ಟಿಲ ಮೇಲೆ ಕೂರಿಸಿ ಹೋದರು.

ಅವರು ಅತ್ತ ಹೋಗುತ್ತಲೇ ಪಕ್ಕದಂಗಡಿಯಲ್ಲಿ ಕನ್ನಡಕದ ಗಾಜು ತೇಯುವ ಕನ್ನಡಕದಣ್ಣ ಇತ್ತ ಓಡಿಬಂದ. ಬೀದಿಯಲ್ಲಿ ಯಾರಿಗೆ ಕಷ್ಟ ಬಂದರೂ ಮೊದಲು ಬರುವವನು ಅವನೇ. ಊಟದ ಡಬ್ಬಿ ಅಂಗಡಿಗೇ ತಂದುಕೊಳ್ಳುವುದರಿಂದ ಮಧ್ಯಾಹ್ನ ಅವನು ಮನೆಗೆ ಹೋಗುವುದಿಲ್ಲ. ಅತ್ತೆ ಸೊಸೆ ಒಳಮನೆಗೆ ಊಟಕ್ಕೆ ಹೋದಾಗ ಬೀಗದಂಗಡಿಯಲ್ಲಿ ಬಂದು ಕೂರುತ್ತಿದ್ದ. ಒಂದು ದಿನಕ್ಕೂ ಬೇಸರಿಸಿದವನಲ್ಲ. ಹಿತ್ತಾಳೆಯ ಧೂಳಿಗೆ ಅತ್ತೆಯ ಕಣ್ಣು ಕೆಂಪಾಗುತ್ತಿತ್ತೆಂದು ವರ್ಷದಿಂದ ತಾನೇ ನೀಲಿ ಮುಚ್ಚಳದ ಶೀಶೆಯಲ್ಲಿ ಹನಿಮದ್ದು ತಂದುಕೊಡುತ್ತಿದ್ದ. ಎರಡು ಹನಿ ಬಿಟ್ಟರೆ ಎರಡೇ ನಿಮಿಷದಲ್ಲಿ ಕೆಂಪು ಇಳಿಯುತ್ತಿತ್ತು. ಬೀದಿಯಲ್ಲಿ ಹತ್ತಾರು ಜನಕ್ಕೆ ಅವನದೇ ಹನಿ. ಶೀಶೆ ಖಾಲಿಯಾದರೂ ಎಸೆಯುವಂತಿರಲಿಲ್ಲ; ಹೋದ ವಾರ ಔಷಧಿ ಯಜಮಾನರೇ ಬಂದು, ತಳದಲ್ಲಿ ನಾಲ್ಕು ಹನಿ ಉಳಿದಿದ್ದ ಶೀಶೆಯೊಂದನ್ನು ತಮಗೆ ಬೇಕೆಂದು ಕೇಳಿ ತೆಗೆದುಕೊಂಡು ಹೋಗಿದ್ದರು. ದಾರದ ತುಂಡನ್ನೂ ಸುತ್ತಿಡುವ ಮನುಷ್ಯ, ಶೀಶೆ ಬಿಟ್ಟಾರೆಯೇ ಎಂದು ಅತ್ತೆ ನಕ್ಕಿದ್ದಳು.

"ಹೆದರ್ಬೇಡಿ ಅಕ್ಕಾ, ವಕೀಲರನ್ನ ನಾನು ನೋಡ್ತೀನಿ," ಎಂದ ಕನ್ನಡಕದಣ್ಣ. ಅವನ ಕಣ್ಣಲ್ಲಿ ನೀರೂ ಇತ್ತು. ಸೊಸೆಗೆ ಕೈ ಮುಗಿಯಬೇಕೆನಿಸಿತು.

ಅವನು ಹೋದ ಮೇಲೆ ಅತ್ತೆ ಎಂದಿನ ಸ್ಟೂಲಿನ ಮೇಲೆ ಕೂತಳು. ಎದುರಿಗೆ ಯಂತ್ರ. ನೋಡಲು ದೊಡ್ಡದೇನಲ್ಲ: ಅಕ್ಕಪಕ್ಕದಲ್ಲಿ ಎರಡು ಉಕ್ಕಿನ ಹಿಡಿಗಳು, ಎಡದ ಹಿಡಿಗೆ ಅಸಲು ಕೀ, ಬಲದ ಹಿಡಿಗೆ ಕೊರೆಯದ ಹೊಸ ಕೀ. ಎಡಕ್ಕೆ ಉಕ್ಕಿನ ಮೊನೆಯೊಂದಿದೆ, ಮನೆಯವರು ಅದನ್ನು ಬೆರಳು ಎನ್ನುತ್ತಾರೆ; ಅದು ಅಸಲಿನ ಹಲ್ಲುಗಳನ್ನು ತಡವುತ್ತ ಹೋದಂತೆ ಬಲಗಡೆಯ ಚಕ್ರ ಹೊಸ ಕೀಯನ್ನು ಹಾಗೆಯೇ ಕೊರೆಯುತ್ತದೆ. ಬೆರಳೂ ಚಕ್ರವೂ ಒಂದೇ ಗೆರೆಯಲ್ಲಿರಬೇಕು. ಬೆರಳು ಕೂದಲೆಳೆಯಷ್ಟು ಮುಂದಿದ್ದರೆ ಹಳ್ಳ ಆಳವಾಗುವುದಿಲ್ಲ, ಹಿಂದಿದ್ದರೆ ಅತಿಯಾಗುತ್ತದೆ. ಚಕ್ರ ಬದಲಿಸಿದಾಗಲೆಲ್ಲ, ಬದಲಿಸದಿದ್ದರೂ ದಿನಾ ಬೆಳಗ್ಗೆ, ಎರಡು ಕೊರೆಯದ ಕೀಗಳನ್ನು ಕಚ್ಚಿಸಿ ಹಿಂದಿನ ಸಣ್ಣ ತಿರುಪಿನಿಂದ ಅಳತೆ ಕೂರಿಸುವುದು ಅತ್ತೆಯ ಕೆಲಸ. ಮೂವತ್ತೊಂದು ವರ್ಷದಲ್ಲಿ ಒಂದು ಕೀಯೂ ವಾಪಸು ಬಂದಿಲ್ಲ ಎನ್ನುವುದು ಅವಳ ಜಂಬ. ಆ ಜಂಬಕ್ಕೆ ಸೊಸೆ ಒಳಗೊಳಗೇ ಮೂಗು ಮುರಿಯುತ್ತಿದ್ದರೂ ಅದು ನಿಜವೆಂದು ಒಪ್ಪುತ್ತಿದ್ದಳು.

"ಬುಧವಾರದ್ದು ಒಂದೊಂದೇ ಹೇಳು," ಎಂದಳು ಅತ್ತೆ.

ಸೊಸೆ ಹೇಳಿದಳು. ಹನ್ನೊಂದಕ್ಕೆ ಕಾಂಪೌಂಡರ್ ಬಂದು ಬೀರುವಿನ ಕೀ ಬಿಗಿಯಾಗಿದೆ, ಉಜ್ಜಿಕೊಡಿ ಎಂದು ಕೊಟ್ಟುಹೋದ. ಅದನ್ನು ಉಜ್ಜಿ ಮೊಳೆಗೆ ನೇತುಹಾಕಿದ್ದಾಯಿತು. ಹನ್ನೆರಡಕ್ಕೆ ಗಂಡ ಊರಾಚೆಯ ಹಾಸ್ಟೆಲಿನ ಬಾಗಿಲುಗಳಿಗೆ ಬೀಗ ಕೂರಿಸಲು ಹೋದ. ಒಂದು ಗಂಟೆಗೆ ಅತ್ತೆ ಸವೆದ ಚಕ್ರ ತೆಗೆದು ಹೊಸದು ಹಾಕಿ ಅಳತೆ ಕೂರಿಸಿದಳು. ಒಂದೂವರೆಗೆ ಇಬ್ಬರೂ ಊಟಕ್ಕೆ ಒಳಗೆ ಹೋದರು, ಮೂರಕ್ಕೆ ಬಂದರು. ಆಮೇಲೆ ಶಾಲೆಯ ಆಯಾಗೆ ಅತ್ತೆ ಒಂದು ಕೀ ಕೊರೆದುಕೊಟ್ಟಳು. ನಾಲ್ಕಕ್ಕೆ ಗಂಡ ಬಂದ. ಐದಕ್ಕೆ ಕಾಂಪೌಂಡರ್ ತನ್ನ ಕೀ ಒಯ್ದ.

"ಕಾಂಪೌಂಡರ್ ಮಧ್ಯಾಹ್ನ ಎಲ್ಲಿದ್ದ?"

ಅದೂ ಗೊತ್ತಿತ್ತು. ಬುಧವಾರ ಔಷಧಿ ಅಂಗಡಿಗೆ ಸರಕು ಬಂದಿತ್ತು. ಯಜಮಾನರು ಊಟಕ್ಕೂ ಹತ್ತದೆ, ಕಾಂಪೌಂಡರನ್ನೂ ಬಿಡದೆ, ಒಂದರಿಂದ ನಾಲ್ಕರವರೆಗೆ ಪೆಟ್ಟಿಗೆ ಬಿಚ್ಚಿಸಿದ್ದರು. ಇಬ್ಬರೂ ಕೂಗಾಡಿಕೊಂಡದ್ದು ಇಡೀ ಬೀದಿಗೆ ಕೇಳಿತ್ತು.

ಅಷ್ಟರಲ್ಲಿ ಆ ಶಾಲೆಯ ಆಯಾಳೇ ಬಂದಳು, ಕೈಯಲ್ಲಿ ಅಸಲಿನ ಜೊತೆ ಬುಧವಾರದ ಕೀ. ಪ್ರಯೋಗಶಾಲೆಯ ಬೀಗಕ್ಕೆ ಹೋಗುತ್ತದೆ, ತಿರುಗುವುದಿಲ್ಲ. ಹೆಡ್‌ಮಾಸ್ಟರು ತನ್ನನ್ನೇ ಬೈದರು ಎಂದು ಗೊಣಗಿದಳು. ಬೇರೆ ದಿನವಾಗಿದ್ದರೆ ಅತ್ತೆ ರಣಚಂಡಿಯಾಗುತ್ತಿದ್ದಳು. ಇವತ್ತು ಆ ಕೀಯನ್ನು ಎರಡು ಕೈಯಲ್ಲಿ ಇಸಿದುಕೊಂಡಳು. ಮೂವತ್ತೊಂದು ವರ್ಷದಲ್ಲಿ ಇದೇ ಮೊದಲು ಎಂದುಕೊಂಡಳು ಸೊಸೆ.

"ವರ್ನಿಯರ್ ತೊಗೊ. ಅಳತೆ ಮಾಡು," ಎಂದಳು ಅತ್ತೆ.

"ನೀವೇ ನೋಡಿ ಅತ್ತೆ, ನಿಮ್ಮ ಕೈ ಸ್ಥಿರ."

"ಹೇಳಿದಷ್ಟು ಮಾಡು."

ಸೊಸೆ ಅಳೆದಳು. ಮೊದಲು ಬೀರುವಿನ ಅಸಲು ಕೀ, ಆಮೇಲೆ ಬೀಗದಲ್ಲಿ ಸಿಕ್ಕಿದ್ದು. ಐದು ಹಳ್ಳ, ಐದರಲ್ಲೂ ನಕಲು ಕಾಲು ಮಿಲಿಮೀಟರ್ ಆಳ ಸಾಲದೆ ನಿಂತಿತ್ತು. ಹೆಚ್ಚಿಲ್ಲ, ಕಡಿಮೆಯಿಲ್ಲ. ಆಮೇಲೆ ಆಯಾ ತಂದಿದ್ದ ಶಾಲೆಯ ಅಸಲು, ಅದರ ನಕಲು. ಅಲ್ಲಿಯೂ ಕಾಲು ಮಿಲಿಮೀಟರ್. ಎರಡು ಸಲ ಅಳೆದರೂ ಅಷ್ಟೇ ಬಂತು. ಅತ್ತೆ ಎರಡು ಕೊರೆಯದ ಕೀಗಳನ್ನು ಯಂತ್ರಕ್ಕೆ ಕಚ್ಚಿಸಿ, ಈಗಿನ ಅಳತೆ ನೋಡು ಎಂದಳು. ಬೆರಳು ಮುಟ್ಟಿತು, ಚಕ್ರವೂ ಮುಟ್ಟಿತು. ಈಗ ಯಂತ್ರ ತಕ್ಕಡಿಯ ಮುಳ್ಳಿನಂತೆ ಸರಿಯಾಗಿತ್ತು.

ಅತ್ತೆ ಹಿಂದಿನ ಸಣ್ಣ ತಿರುಪನ್ನು ಬೆರಳಿನಿಂದ ತಡವಿದಳು. ಆಮೇಲೆ ಕೇಳಿದಳು: "ನಾನು ಸ್ಟೂಲಿಂದ ಎದ್ದ ಮೇಲೆ ಯಾರು ಕೂರ್ತಾರೆ?"

"ಅವ್ರೇ, ನಿಮ್ಮ ಮಗ."

"ಕೂತ್ಕೊಂಡು ಮೊದಲು ಏನ್ಮಾಡ್ತಾನೆ?"

ಹಿಂದಿನ ಸಣ್ಣ ತಿರುಪಿಗೆ ಎಣ್ಣೆ ಬಿಡುತ್ತಾರೆ, ದಿನಾ ಬಿಡುತ್ತಾರೆ, ಬುಧವಾರ ಬಂದ ತಕ್ಷಣವೂ ಬಿಟ್ಟರು, ಎಂದಳು ಸೊಸೆ. ಹೇಳುತ್ತ ಹೇಳುತ್ತಲೇ, ತಾನೇನು ಹೇಳುತ್ತಿದ್ದೇನೆ ಎಂದು ಅವಳಿಗೆ ಅರ್ಧ ಹೊಳೆಯಿತು. ಅತ್ತೆಯ ಮುಖ ನೋಡಲಾಗದೆ ಯಂತ್ರದತ್ತ ತಿರುಗಿದಳು.

"ಇನ್ನೊಂದು ಕೇಳ್ತೀನಿ, ನಿಜ ಹೇಳು. ನಿನ್ನೆ ಬೆಳಗ್ಗೆ ನಿನ್ನ ಬೈದೆನಲ್ಲ, ಒದ್ದೆ ಬಟ್ಟೇಲಿ ಯಂತ್ರ ಒರೆಸಿದೀಯ ಅಂತ. ಒರೆಸಿದ್ಯಾ?"

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆ ಸುಳ್ಳಲ್ಲ ಎಂದುಕೊಂಡಳು ಸೊಸೆ. ಗುರುವಾರ ಬೆಳಗ್ಗೆ ಬಲಗಡೆಯ ಹಿಡಿಯ ಕೆಳಗೆ ಹಿತ್ತಾಳೆಯ ಪುಡಿ ಹಸಿ ರವೆಯಂತೆ ಗಟ್ಟಿಯಾಗಿ ಕೂತಿತ್ತು, ಹಿಡಿಯ ಅಂಚಿನಲ್ಲಿ ಕೆಂಪು ತುಕ್ಕಿನ ಚುಕ್ಕೆಗಳಿದ್ದವು. ಯಂತ್ರಕ್ಕೆ ನೀರು ತಾಗಿಸಬಾರದು, ಒಣ ಕುಂಚದಲ್ಲಿ ಪುಡಿ ಗುಡಿಸಿ ಎಣ್ಣೆ ಬಟ್ಟೆ ಸವರಬೇಕು ಎಂಬುದು ಆ ಮನೆಗೆ ಬಂದ ಮೊದಲ ವಾರವೇ ಕಲಿತ ಪಾಠ. ತಾನಲ್ಲ ಎಂದರೆ ಎದುರುತ್ತರವಾಗುತ್ತದೆಂದು ಸುಮ್ಮನೆ ಬೈಸಿಕೊಂಡಿದ್ದಳು.

"ಇಲ್ಲ ಅತ್ತೆ. ನಾನು ಮುಟ್ಟಿರ್ಲಿಲ್ಲ."

ಅತ್ತೆ ಸೊಸೆಯ ಕೈ ಹಿಡಿದು ಒಮ್ಮೆ ಅದುಮಿದಳು. ಕ್ಷಮೆ ಕೇಳುವ ಜಾಯಮಾನ ಅವಳದಲ್ಲ, ಅಷ್ಟೇ ದೊಡ್ಡದು. ಆಮೇಲೆ ಪೇದೆಯ ಹತ್ತಿರ ಇನ್ಸ್‌ಪೆಕ್ಟರಿಗೆ ಮೂರು ಮಾತು ಹೇಳಿಕಳಿಸಿದಳು. ಬೀರುವಿನಿಂದ ಏನೇನು ಹೋಗಿದೆಯೆಂದು ಕಾಂಪೌಂಡರಿಂದ ಪಟ್ಟಿ ಮಾಡಿಸಬೇಕು. ಹಾಸ್ಟೆಲಿನಲ್ಲಿ ಮಗ ಎಷ್ಟು ಹೊತ್ತಿದ್ದನೆಂದು ವಾರ್ಡನ್ನಿಗೆ ಫೋನು ಮಾಡಬೇಕು. ಮೂರನೆಯದನ್ನು ಪೇದೆಯ ಕಿವಿಯಲ್ಲಿ ಪಿಸುಗುಟ್ಟಿ, ತನ್ನ ಸೆರಗಿನಲ್ಲಿದ್ದ ಏನನ್ನೋ ಅವನ ಕೈಗಿಟ್ಟಳು. ಸೊಸೆಗೆ ಕುತೂಹಲದಿಂದ ತಲೆ ಸಿಡಿಯುವಂತಾಯಿತು, ಆದರೆ ಕೇಳಿದರೆ ಅತ್ತೆ ಹೇಳುವವಳಲ್ಲ.

ನಾಲ್ಕೂವರೆಗೆ ಅಂಗಡಿಯ ಷಟರನ್ನು ಅರ್ಧ ಎಳೆದು ಎಲ್ಲರನ್ನೂ ಒಳಗೆ ಸೇರಿಸಿದರು. ಇನ್ಸ್‌ಪೆಕ್ಟರು, ಕಾಂಪೌಂಡರ್, ಕನ್ನಡಕದಣ್ಣ, ಮಗ. ಸೊಸೆ ಗೋಡೆಗೆ ಒರಗಿ ನಿಂತಳು. ಐದಕ್ಕೆ ಇನ್ನು ಅರ್ಧ ಗಂಟೆ. ಪೊಲೀಸ್ ಜೀಪು ಎದುರಿಗೇ ನಿಂತಿತ್ತು.

ಅತ್ತೆ ಮೊದಲು ಕಾಂಪೌಂಡರನ್ನು ಕೇಳಿದಳು. ಅವನು ಪಟ್ಟಿ ಓದಿದ. ಬೀರುವಿನಲ್ಲಿದ್ದ ದುಬಾರಿ ಔಷಧಿ, ನೋವಿನ ಇಂಜೆಕ್ಷನ್ನು, ನಿದ್ದೆಯ ಮಾತ್ರೆ ಎಲ್ಲವೂ ಇದ್ದವು. ಹೋಗಿದ್ದು ಒಂದೇ. ಯಜಮಾನರು ತಾವೇ ಅಂಟಿಸಿ, 'ಶನಿವಾರ, ಔಷಧಿ ಅಧಿಕಾರಿಗೆ' ಎಂದು ಬರೆದಿಟ್ಟಿದ್ದ ಕಂದು ಲಕೋಟೆಯೊಂದು ಹರಿದು ಬಿದ್ದಿತ್ತು, ಒಳಗಿನ ಸಣ್ಣ ಶೀಶೆ ಇರಲಿಲ್ಲ.

"ಸರಿ. ಈಗ ನಾನು ಹೇಳೋದನ್ನ ಕೇಳಿ," ಎಂದಳು ಅತ್ತೆ. "ಕೀ ಬೀಗದಲ್ಲೇ ಬಿಟ್ಟುಹೋಗಿದ್ದು ಗಾಬರಿಗಲ್ಲ. ಅದು ಕಚ್ಚಿಕೊಳ್ತು. ಯಾಕಂದ್ರೆ ಅದು ಕಾಲು ಮಿಲಿಮೀಟರ್ ತಪ್ಪಾಗಿದೆ. ಹಳೇ ಬೀಗ, ಹೇಗೋ ತೆರೀತು, ವಾಪಸು ಬಿಡ್ಲಿಲ್ಲ. ಶಾಲೆಯ ಹೊಸ ಬೀಗ ತೆರೀಲೇ ಇಲ್ಲ. ಎರಡೂ ಕೀಗೆ ಒಂದೇ ತಪ್ಪು, ಅಂದ್ರೆ ಎರಡೂ ಒಂದೇ ಯಂತ್ರದಲ್ಲಿ, ಅದು ತಪ್ಪಿದ್ದ ಹೊತ್ತಲ್ಲಿ ಕೊರೆದಿದ್ದು. ಯಂತ್ರ ಯಾವಾಗ ತಪ್ಪಿತ್ತು? ಬುಧವಾರ ಒಂದು ಗಂಟೆಗೆ ಚಕ್ರ ಬದಲಿಸಿ ಅಳತೆ ಕೂರಿಸಿದಾಗಿಂದ, ನಾಲ್ಕಕ್ಕೆ ಮಗ ಬಂದು ಅದನ್ನ ಸರಿಮಾಡೋವರೆಗೆ."

"ತಪ್ಪಾಗಿ ಕೂರಿಸಿದ್ದು ಯಾರು?" ಎಂದರು ಇನ್ಸ್‌ಪೆಕ್ಟರು.

ಮಗ ಮುಂದೆ ಬಂದ. "ನಾನೇ ಸರ್. ನಾನೇ ಅದನ್ನ—"

"ಬಾಯ್ಮುಚ್ಚು," ಎಂದಳು ಅತ್ತೆ. ಗದರಿಕೆಯಾಗಿರಲಿಲ್ಲ ಅದು. "ನಾನು ಕೂರಿಸಿದ್ದು. ನನ್ನ ಕಣ್ಣು ಹೋಗಿದೆ, ಇನ್ಸ್‌ಪೆಕ್ಟರೇ. ಎಡಗಣ್ಣಲ್ಲಿ ಹೊಗೆ ಬಿಟ್ರೆ ಏನೂ ಇಲ್ಲ. ಬಲಗಣ್ಣಲ್ಲಿ ಕೊಳವೆಯೊಳಗಿಂದ ನೋಡಿದ ಹಾಗೆ ಅಷ್ಟೊ ಇಷ್ಟೊ. ಬೆರಳು, ಚಕ್ರ ಮುಟ್ಟಿದ್ದು ಕಾಣದೆ ಅಂದಾಜಲ್ಲಿ ತಿರುಪು ಬಿಗಿಸ್ತಾ ಬಂದೆ. ಇವನು ದಿನಾ ನನ್ನ ಹಿಂದೆ ಕೂತು, ಎಣ್ಣೆ ಬಿಡೋ ನೆಪದಲ್ಲಿ ಅದನ್ನ ಸರಿಮಾಡ್ತಾ ಬಂದ. ವಾಪಸು ಬರ್ಲಿಲ್ಲ ಅಂತ ನಾನು ಜಂಬ ಪಡ್ತಿದ್ದ ಕೀಗಳೆಲ್ಲ ಇವನ ಪುಣ್ಯ."

ಸೊಸೆ ಗಂಡನತ್ತ ನೋಡಿದಳು. ಎಂಟು ತಿಂಗಳಿಂದ ಗಂಡ ಬೆಳಗ್ಗೆ ಅತ್ತೆಯ ಬೆನ್ನಿಗೇ ಅಂಗಡಿಗೆ ಓಡುತ್ತಿದ್ದುದಕ್ಕೆ ಅವಳು ಎಷ್ಟು ಬಾರಿ ಮುನಿಸಿಕೊಂಡಿದ್ದಳೋ. ಮೂವತ್ತೊಂದು ವರ್ಷದ ಹೆಸರನ್ನು ಅತ್ತೆ ಬೀದಿಯವರ ಎದುರಿಗೆ ತನ್ನ ಬಾಯಿಂದಲೇ ತೊಳೆದುಹಾಕುತ್ತಿದ್ದಳು. ನಾಳೆಯಿಂದ ಯಾರು ಈ ಅಂಗಡಿಗೆ ಕೀ ತರುತ್ತಾರೆ?

ಅತ್ತೆ ನಿಲ್ಲಿಸಲಿಲ್ಲ. ಗುರುವಾರದ ಜಗಳ ಇದೇ, ಎಂದಳು. ತನ್ನ ತಡಕಾಟ ಯಜಮಾನರಿಗೆ ಕಂಡಿರಬೇಕು. ಅಮ್ಮನಿಗೆ ಹೇಳು, ಇಲ್ಲದಿದ್ದರೆ ನಾನೇ ಹೇಳುತ್ತೇನೆ ಎಂದಿರಬೇಕು. ಹೌದೇನೋ ಎಂದು ಮಗನನ್ನು ಕೇಳಿದಳು. ಮಗ ತಲೆಯಾಡಿಸಿದ. ಮಧ್ಯಾಹ್ನ ಕಣ್ಣಿನ ಡಾಕ್ಟರ ಬಾಗಿಲವರೆಗೆ ಹೋಗಿ, ಅಮ್ಮನನ್ನು ಏನೆಂದು ಹೇಳಿ ಕರೆತರುವುದೋ ತಿಳಿಯದೆ ಬೀದಿ ಸುತ್ತಿ ಬಂದೆ ಎಂದು ಒಪ್ಪಿಕೊಂಡ.

"ಇವನು ಬುಧವಾರ ಹನ್ನೆರಡರಿಂದ ನಾಲ್ಕರವರೆಗೆ ಹಾಸ್ಟೆಲಲ್ಲಿದ್ದ, ವಾರ್ಡನ್ ಹೇಳಿದಾರೆ," ಎಂದರು ಇನ್ಸ್‌ಪೆಕ್ಟರು ನಿಧಾನವಾಗಿ.

"ಇದ್ದಿದ್ರೂ ತಪ್ಪು ಕೀ ಕೊರೀತಿರ್ಲಿಲ್ಲ. ಯಂತ್ರ ಸರಿಮಾಡದೆ ಒಂದು ಕೀನೂ ಕೊರೆಯೋನಲ್ಲ ಅವನು. ಕಾಂಪೌಂಡರ್ ಯಜಮಾನರ ಕಣ್ಣೆದುರೇ ಇದ್ದ. ನಾನು, ಸೊಸೆ ಊಟಕ್ಕೆ ಕೂತಿದ್ವಿ. ಆ ಒಂದೂವರೆ ಗಂಟೆ ಅಸಲು ಕೀ ಮೊಳೇಲಿ ನೇತಾಡ್ತಿತ್ತು, ಯಂತ್ರದ ಪಕ್ಕ ಒಬ್ಬನೇ ಒಬ್ಬ ಕೂತಿದ್ದ."

ಯಾರೂ ಅತ್ತ ತಿರುಗಿ ನೋಡುವ ಮೊದಲೇ ಕನ್ನಡಕದಣ್ಣ ನಕ್ಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಆ ನಗು. ಅಕ್ಕನಿಗೆ ಮಗನ ಚಿಂತೆಯಲ್ಲಿ ಬುದ್ಧಿ ಕೆಟ್ಟಿದೆ, ತನಗೆ ಈ ಯಂತ್ರ ಮುಟ್ಟಲೂ ಬಾರದು ಎಂದ.

"ಬರುತ್ತೆ. ನಿನ್ನ ಯಂತ್ರವೂ ಇದರ ತಮ್ಮನೇ," ಎಂದಳು ಅತ್ತೆ. "ಒಂದು ಕಡೆ ಅಚ್ಚು, ಇನ್ನೊಂದು ಕಡೆ ಗಾಜು, ಅಚ್ಚಿನಂಗೆ ಗಾಜು ತೇಯೋದು. ಒಂದೇ ವ್ಯತ್ಯಾಸ. ಗಾಜನ್ನ ನೀರಿಲ್ಲದೆ ತೇಯ್ದ್ರೆ ಕಾದು ಸಿಡಿಯುತ್ತೆ. ಇಪ್ಪತ್ತು ವರ್ಷ ನೀರು ಹಾಕಿ ಹಾಕಿ ತೇಯ್ದ ಕೈ ನಿಂದು. ನನ್ನ ಚಕ್ರ ತಿರುಗಿದ ತಕ್ಷಣ ನಿನ್ನ ಕೈ ತಾನಾಗೇ ಒದ್ದೆ ಸ್ಪಂಜು ಹಿಂಡ್ತು. ಇಲ್ಲಿ ಯಾರೂ ನೀರು ಹಾಕಲ್ಲ. ಪುಡಿ ಗಟ್ಟಿಯಾಗಿ ಕೂತಿತ್ತು, ಹಿಡಿಗೆ ತುಕ್ಕು ಬಂದಿತ್ತು. ಅದಕ್ಕೆ ಪಾಪ, ಈ ಹುಡುಗಿ ಬೈಸ್ಕೊಂಡ್ಳು."

ಇನ್ಸ್‌ಪೆಕ್ಟರು ಎರಡನೆಯ ಕವರೊಂದನ್ನು ಮೇಜಿನ ಮೇಲಿಟ್ಟರು. ಅತ್ತೆ ಪೇದೆಯ ಕಿವಿಯಲ್ಲಿ ಹೇಳಿಕಳಿಸಿದ್ದಂತೆ, ಮಧ್ಯಾಹ್ನ ಕನ್ನಡಕದಣ್ಣನನ್ನು ಠಾಣೆಗೆ ಕರೆಸಿ ಹೇಳಿಕೆ ಬರೆಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಅವನ ಅಂಗಡಿಯಿಂದ ತಂದ ಸ್ಪಂಜು. ಬೆಳಕಿಗೆ ಹಿಡಿದರೆ ಅದರ ತೂತುಗಳಲ್ಲೆಲ್ಲ ಹಳದಿ ಚೂರುಗಳು ಮಿನುಗಿದವು.

"ಅದು ಫ್ರೇಮಿಂದು," ಎಂದ ಕನ್ನಡಕದಣ್ಣ.

"ಫ್ರೇಮ್ ನೀನು ಬಗ್ಗಿಸ್ತೀಯ, ತಿರುಪು ಹಾಕ್ತೀಯ. ಚಕ್ರಕ್ಕೆ ಕೊಡಲ್ಲ. ನಿನ್ನ ಚಕ್ರಕ್ಕೆ ಗಾಜು ಬಿಟ್ಟು ಬೇರೇನೂ ತಾಗಲ್ಲ."

ಅವನು ಕುರ್ಚಿ ಹುಡುಕಿಕೊಂಡು ಕೂತ. ಆಮೇಲೆ ಅತ್ತೆ ಕೊನೆಯ ಮಾತಿಗೆ ಬಂದಳು. ಲಕೋಟೆಯಲ್ಲಿದ್ದ ಶೀಶೆ ತನ್ನದೇ, ಹೋದ ವಾರ ಯಜಮಾನರು ಕೇಳಿ ಒಯ್ದದ್ದು. ಅವರಿಗೆ ಶೀಶೆ ಬೇಕಿರಲಿಲ್ಲ, ತಳದ ನಾಲ್ಕು ಹನಿ ಬೇಕಿತ್ತು. ಬೆಳಗ್ಗೆ ಪೇದೆಯ ಕೈಯಲ್ಲಿ ಅವಳು ಕಳಿಸಿದ್ದು ಈಗ ಬಳಸುತ್ತಿದ್ದ ಶೀಶೆ. ಅದನ್ನು ಕಣ್ಣಿನ ಡಾಕ್ಟರಿಗೆ ತೋರಿಸಿದ್ದಾಗಿ ಇನ್ಸ್‌ಪೆಕ್ಟರು ಹೇಳಿದರು. ಪರೀಕ್ಷೆ ಆಗದೆ ಖಚಿತ ಹೇಳಲಾರೆ, ಆದರೆ ಎರಡು ನಿಮಿಷದಲ್ಲಿ ಕೆಂಪು ಇಳಿಸಿ, ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಿಸಿ ನರವನ್ನೇ ಸಾಯಿಸುವ ಔಷಧಿಯೊಂದಿದೆ, ಚೀಟಿಯಿಲ್ಲದೆ ಅದನ್ನು ಯಾರೂ ಕೊಡುವಂತಿಲ್ಲ ಎಂದಿದ್ದರಂತೆ ಡಾಕ್ಟರು.

"ಯಜಮಾನರು ಮಂಗಳವಾರ ನಂಗೆ ಹೇಳಿದ್ರು," ಎಂದ ಕನ್ನಡಕದಣ್ಣ. ದನಿ ಎಲ್ಲೋ ಪಾತಾಳದಿಂದ ಬಂದಂತಿತ್ತು. "ನಿನ್ನ ಹನಿ ಕಣ್ಣು ಕೆಡಿಸ್ತಿದೆ, ಶನಿವಾರ ಅಧಿಕಾರಿಗೆ ಕೊಡ್ತೀನಿ, ನೀನೇ ಮೊದಲು ಹೋಗಿ ಒಪ್ಕೋ ಅಂದ್ರು. ಶೀಶೆ ತೊಗೊಂಡು ಬಿಡೋಣ ಅಂತಷ್ಟೇ ಹೋಗಿದ್ದೆ. ಅವ್ರು ಇಳಿದು ಬರ್ತಾರೆ ಅಂತ ಗೊತ್ತಿರ್ಲಿಲ್ಲ. ಅಕ್ಕಾ, ಒಳ್ಳೇದಾಗುತ್ತೆ ಅಂತಲೇ ಕೊಟ್ಟೆ. ಜನ ದೇವರ ಹಾಗೆ ನೋಡ್ತಿದ್ರು. ನಿಮ್ಮ ಕಣ್ಣಿಗೆ ಹೀಗಾಗುತ್ತೆ ಅಂತ ಆಣೆ ಮಾಡಿ ಹೇಳ್ತೀನಿ, ಗೊತ್ತಿರ್ಲಿಲ್ಲ."

"ಮಂಗಳವಾರ ಗೊತ್ತಾಯ್ತಲ್ಲ?" ಎಂದಳು ಅತ್ತೆ. "ಬುಧವಾರ ಬೆಳಗ್ಗೆ ನೀನೇ ಬಂದು ಹೊಸ ಶೀಶೆ ಕೊಟ್ಟೆ."

ಪೇದೆ ಬಂದು ತೋಳು ಹಿಡಿದಾಗ ಅವನು ಎದ್ದು ನಡೆದ. ಜೀಪು ಹೊರಟಿತು. ಇನ್ಸ್‌ಪೆಕ್ಟರು ಮಗನ ಬೆನ್ನು ತಟ್ಟಿ, ಯಜಮಾನರು ಕೈಬೆರಳು ಆಡಿಸಿದರಂತೆ, ಜೀವಕ್ಕೆ ಭಯವಿಲ್ಲವಂತೆ ಎಂದು ಹೇಳಿ ಹೋದರು.

ಅಂಗಡಿಯಲ್ಲಿ ಮೂವರೇ ಉಳಿದರು. ಸೊಸೆ ಗಂಡನ ತೋಳು ಹಿಡಿದವಳು ಬಿಡಲೇ ಇಲ್ಲ, ಅಳುವೂ ನಿಲ್ಲಲಿಲ್ಲ. ಅವನು ಅಮ್ಮನತ್ತ ತಿರುಗಿ, ಎಲ್ಲರೆದುರು ಯಾಕೆ ಹೇಳಿದೆ, ನಾಲ್ಕು ದಿನ ಒಳಗಿದ್ದು ಬರುತ್ತಿದ್ದೆ, ಹೇಗೂ ಸತ್ಯ ಗೊತ್ತಾಗುತ್ತಿತ್ತು ಎಂದ.

"ಜೈಲಿಗೆ ಹೋಗೋಕೆ ತಯಾರಾಗಿದ್ದೆ. ಅಮ್ಮಾ ನಿನಗೆ ಕಣ್ಣು ಕಾಣ್ತಿಲ್ಲ ಅಂತ ಹೇಳೋಕೆ ನಾಲಿಗೆ ಬರ್ಲಿಲ್ವೇನೋ?" ಎಂದಳು ಅತ್ತೆ. "ಎಂಟು ತಿಂಗಳ ಹಿಂದೆ ಹೇಳಿದ್ರೆ ಅವತ್ತೇ ಡಾಕ್ಟ್ರ ಹತ್ರ ಹೋಗ್ತಿದ್ದೆ. ಹನಿ ಅವತ್ತೇ ನಿಲ್ತಿತ್ತು." ಮಗನ ಮುಖ ಬಿಳಿಚಿದ್ದು ಅವಳಿಗೆ ಕಂಡಿರಲಾರದು, ಆದರೆ ಉಸಿರು ಕೇಳಿಸಿರಬೇಕು. ಕೈ ಚಾಚಿ ಅವನ ತಲೆ ಹುಡುಕಿ ಎದೆಗೆ ಒತ್ತಿಕೊಂಡಳು. "ನಿಂದೊಂದೇ ತಪ್ಪಲ್ಲ ಬಿಡು. ಕಣ್ಣು ಹೋಗ್ತಿರೋದು ನಂಗೂ ಗೊತ್ತಿತ್ತಲ್ಲ. ನಾನೂ ಬಾಯಿ ಬಿಡ್ಲಿಲ್ಲ."

ಮಗ ಈಗಲೇ ಡಾಕ್ಟರಲ್ಲಿಗೆ ಹೊರಡೋಣ ಎಂದ. ಬೆಳಗ್ಗೆ ಎಂಟಕ್ಕೆ ಎಂದಳು ಅತ್ತೆ. ಅದಕ್ಕೂ ಮೊದಲು ಇನ್ನೊಂದು ಕೆಲಸವಿದೆ. ಸೊಸೆಯನ್ನು ಕರೆದು, ನೀಲಿ ಮುಚ್ಚಳದ ಶೀಶೆ ಯಾರ್ಯಾರ ಮನೆಯಲ್ಲಿದೆ ಹೇಳು ಎಂದು ಕೇಳಿದಳು. ದರ್ಜಿ ಮತ್ತು ಅವನ ತಾಯಿ, ಶಾಲೆಯ ಆಯಾ, ಹಾಲಿನವಳು, ಬಡಗಿಯ ಚಿಕ್ಕ ಮಗಳು. ಲೆಕ್ಕ ಹನ್ನೊಂದು ಮನೆಗೆ ನಿಂತಿತು. ಕಣ್ಣು ತಂಪಾಗಿದೆಯೆಂದು ನೆಮ್ಮದಿಯಿಂದಿರುವವರಿಗೆ ಬರೀ ಮಾತಲ್ಲಿ ಹೇಳಿದರೆ ನಂಬುತ್ತಾರೆಯೇ ಎಂದು ಸೊಸೆ ಕೇಳಿದಳು.

"ಅದಕ್ಕೇ ನಾನು ಬರ್ತಿರೋದು," ಎಂದಳು ಅತ್ತೆ.

ಇನ್ನೂ ಬೆಳಕಿತ್ತು. ಅತ್ತೆ ಸೊಸೆಯ ಭುಜ ಹಿಡಿದು ಮೆಟ್ಟಿಲಿಳಿದಳು. ಅಷ್ಟು ವರ್ಷದಲ್ಲಿ ಬೀದಿಯಲ್ಲಿ ಯಾರ ಭುಜವನ್ನೂ ಹಿಡಿದವಳಲ್ಲ. ಕಂಡವರು ನಿಂತು ನೋಡಿದರು, ಅವಳು ಕೈ ತೆಗೆಯಲಿಲ್ಲ. ಮೊದಲ ಮನೆ ಬಡಗಿಯದು. ಬಾಗಿಲು ತೆರೆದ ಮಗುವನ್ನು ಮುಂದೆ ಎಳೆದುಕೊಂಡು ಅದರ ಅಮ್ಮನನ್ನು ಕರೆದಳು. ಅವಳು ಬಂದಾಗ ದೀಪದ ಕೆಳಗೆ ಹೋಗಿ ಮುಖವೆತ್ತಿ, ಎಡಗಣ್ಣನ್ನು ಎರಡು ಬೆರಳಿನಿಂದ ಅಗಲಿಸಿ, "ನೋಡು, ಅವನ ಹನಿ ಹಾಕ್ಕೊಂಡ ಕಣ್ಣು ಇದು. ಇದಕ್ಕೆ ನೀನು ಕಾಣ್ತಿಲ್ಲ," ಎಂದಳು. ಆ ಹೆಂಗಸು ಒಳಗೆ ಹೋಗಿ ಶೀಶೆ ತಂದು ಸೊಸೆಯ ಕೈಗಿಟ್ಟಳು. ಇನ್ನೂ ಹತ್ತು ಮನೆಗಳಿದ್ದವು.